ಕಾಲರ್ ತಿಪ್ಪಸಂದ್ರದಲ್ಲಿ, ಕಾಜಾ ಶಿವಾಜಿನಗರದಲ್ಲಿ

ಬೆಳಿಗ್ಗೆ ಎದ್ದು ನೀರು ಹಿಡಿದೆ. ದಂಟಿನ ಸೊಪ್ಪು ಬಿಡಿಸಿ, ತೊಳೆದು, ಬುಟ್ಟಿಯಲ್ಲಿ ಸೋರಲು ಇಟ್ಟೆ. ಹೆಸರುಕಾಳು ನೆನೆಹಾಕಿದೆ. ನಮ್ಮ ಮನೆಯವರ ಕ್ಯಾಂಟೀನ್ ಅಂಗಿಯ ಎಣ್ಣೆ ಕಲೆಗೆ ಸೋಪು ಉಜ್ಜಿ ಬಿಸಿಲಿಗೆ ಹಾಕಿದೆ. ಗ್ಯಾಸ್ ಬುಕ್ ಮಾಡಿದೆ. ಮಹಡಿಯ ತುಳಸಿ ಕುಂಡಕ್ಕೆ ಹತ್ತಿದ್ದ ಇರುವೆ ಓಡಿಸಲು ಅರಿಸಿನ ಉದುರಿಸಿದೆ. ಮಷಿನ್ನಿಗೆ ಎಣ್ಣೆ ಬಿಟ್ಟೆ. ನಿನ್ನೆ ಹೊಲಿದ ಕಾಲರ್‌ಗಳನ್ನು ತಿರುವಿ, ಬಿದಿರು ಕಡ್ಡಿಯಿಂದ ಮೂಲೆಗಳನ್ನು ಚೂಪು ಮಾಡಿ, ಇಸ್ತ್ರಿ ಹಾಕಿ, ಶರ್ಟುಗಳಿಗೆ ಕೂಡಿಸಿ, ಚೂರು ಬಟ್ಟೆಯ ಜೊತೆ ಹಳೆಯ ಪಂಚೆಯಲ್ಲಿ ಗಂಟು ಕಟ್ಟಿದೆ.

ಇಷ್ಟಾದ ಮೇಲೆ ಹೊರಗಿನ ಕೆಲಸ ಎರಡಿತ್ತು. ಹಲಸೂರಿನಲ್ಲಿ ಒಂದು ರೂಮು ನೋಡುವುದು ಮೊದಲನೆಯದು. ಅಲ್ಲಿಂದ ಕೆ.ಆರ್. ಪುರಕ್ಕೆ ಹೋಗಿ, ನನಗಿಂತ ಚಿಕ್ಕವಳೊಬ್ಬಳಿಗೆ ಅವಳ ಓವರ್‌ಲಾಕ್ ಮಷಿನ್ನು ಮಾರಬೇಡ ಎಂದು ಹೇಳುವುದು ಎರಡನೆಯದು. ಸಂಜೆ ಅದನ್ನು ಒಯ್ಯಲು ಹಳೇ ಮಷಿನ್ನಿನ ವ್ಯಾಪಾರಿ ಬರುತ್ತಾನೆ ಎಂದು ಅವಳೇ ಫೋನಿನಲ್ಲಿ ಹೇಳಿದ್ದಳು.

ನಮ್ಮ ಶರ್ಟು ಈಗ ಬಸ್ಸಿನಲ್ಲಿ ಓಡಾಡುತ್ತದೆ. ಬಟ್ಟೆ ಕತ್ತರಿಸುವುದು ಶಿವಾಜಿನಗರದ ಆಚೆ, ನಮ್ಮ ಹಳೆಯ ಧಣಿಗಳ ಮನೆಯ ಹಜಾರದಲ್ಲಿ. ಕಾಲರ್, ತೋಳು, ಜೋಡಣೆ ಹೊಸ ತಿಪ್ಪಸಂದ್ರದಲ್ಲಿ, ನನ್ನ ಮನೆಯಲ್ಲಿ. ಒಳಗಿನ ಅಂಚು ಎಳೆ ಬಿಡದಂತೆ ಕಟ್ಟುವ ಓವರ್‌ಲಾಕ್ ಕೆ.ಆರ್. ಪುರದಲ್ಲಿ. ಗುಂಡಿಯ ತೂತಿಗೆ ಕಾಜಾ ಹಾಕಲು ಮತ್ತೆ ಶಿವಾಜಿನಗರ. ಶಾಲೆಯ ಮಗುವಿನ ಮೈ ಸೇರುವಷ್ಟರಲ್ಲಿ ಆ ಬಿಳಿ ಶರ್ಟು ಅರ್ಧ ಊರು ಸುತ್ತಿರುತ್ತದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಹೇಗೋ ನಡೆಯುತ್ತಿದೆ. ಗಂಟು ನೋಡಿದ ಕಂಡಕ್ಟರು ಮೊನ್ನೆ ಕೇಳಿದ: “ಏನಮ್ಮಾ, ದಿನಾ ಮನೆ ಖಾಲಿ ಮಾಡ್ತೀರಾ?”

ಹೀಗಾದದ್ದು ಯಾರ ಕುತಂತ್ರದಿಂದಲೂ ಅಲ್ಲ. ನಾವೇ ಮಾಡಿಕೊಂಡದ್ದು.

ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಪಾತ್ರೆ ಅಂಗಡಿಯ ಮಹಡಿಯ ಮೇಲೆ ನಮ್ಮ ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ಒಂದು ಉದ್ದನೆಯ ಹಾಲು, ಎರಡು ಸಾಲು ಮಷಿನ್ನು, ನಡುವೆ ಕಟಿಂಗ್ ಟೇಬಲ್ಲು. ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದ ಹತ್ತು ಹನ್ನೆರಡು ಜನ. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ನಾನು ಕಾಲರ್. ಮದುವೆಯಾಗಿ ನಾಲ್ಕೈದು ವರ್ಷಕ್ಕೆ ಸೇರಿದವಳು ತಲೆ ನರೆಯುವವರೆಗೆ ಕಾಲರನ್ನೇ ಹೊಲಿದೆ. ಕಾಜಾ ಮಷಿನ್ನಿನಲ್ಲಿ ಶಿವಾಜಿನಗರದವರೇ ಆದ ಹಿರಿಯ ಹೆಂಗಸು. ಅವರನ್ನು ಎಲ್ಲರೂ ಆಪಾ ಎನ್ನುತ್ತಿದ್ದೆವು. ಓವರ್‌ಲಾಕಿನಲ್ಲಿ ಯಾದಗಿರಿ ಕಡೆಯಿಂದ ಗಂಡನ ಜೊತೆ ಬಂದ ಈ ಹುಡುಗಿ. ಹುಡುಗಿ ಎನ್ನುತ್ತೇನೆ, ಅವಳ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ.

ಮಧ್ಯಾಹ್ನ ಕಟಿಂಗ್ ಟೇಬಲ್ಲಿನ ಮೇಲೆ ಪೇಪರು ಹಾಸಿ ಊಟ. ಅವಳ ಜೋಳದ ರೊಟ್ಟಿ ಮುರಿದು ನನ್ನ ಬಸ್ಸಾರಿಗೆ ಅದ್ದಿ ತಿಂದವರೆಷ್ಟೋ. ರಂಜಾನಿನಲ್ಲಿ ಉಪವಾಸ ಇದ್ದವರ ಮುಂದೆ ತಿನ್ನಬಾರದೆಂದು ನಾವು ಮೆಟ್ಟಿಲ ಮೇಲೆ ಹೋಗಿ ಕೂತರೆ ಆಪಾ ಬಂದು ಬೈಯುತ್ತಿದ್ದರು: “ಒಳಗೆ ಬಂದು ತಿನ್ನಿ! ವಾಸನೆ ಹೆಂಗೂ ಬರುತ್ತೆ, ಮುಖಾನಾದ್ರೂ ನೋಡ್ತೀನಿ.” ಅಷ್ಟು ಮಷಿನ್ನುಗಳು ಒಟ್ಟಿಗೆ ಓಡುವಾಗ ಮಾತಾಡಲು ಬೇರೆಯದೇ ಗಂಟಲು ಬೇಕು. ಆ ಗಂಟಲು ನನಗೆ ಇನ್ನೂ ಹೋಗಿಲ್ಲ. ಮೆಲ್ಲಗೆ ಉಪ್ಪು ಕೇಳಿದೆ ಎಂದುಕೊಂಡರೆ ನಮ್ಮ ಮನೆಯವರು, “ನಾನೇನ್ ಕಿವುಡನಾ?” ಎನ್ನುತ್ತಾರೆ. ಮನೆಯ ನಿಶ್ಶಬ್ದಕ್ಕೆ ನಾನು ಇನ್ನೂ ಒಗ್ಗಿಲ್ಲ.

ಅಲ್ಲಿ ಇನ್ನೊಂದು ಪದ್ಧತಿ ಇತ್ತು. ಸಂಜೆ ಏಳುವ ಮುಂಚೆ ಪ್ರತಿಯೊಬ್ಬರೂ ತಮ್ಮ ಮಷಿನ್ನಿನ ಸೂಜಿಯ ಕೆಳಗೆ ಒಂದು ಚೂರು ಬಟ್ಟೆ ಇಟ್ಟು ಬಟ್ಟೆ ಅದುಮಿ ಹಿಡಿಯುವ ಮಷಿನ್ನಿನ ಕಾಲು ಇಳಿಸಬೇಕು. ರಾತ್ರಿ ಇಳಿಯುವ ಎಣ್ಣೆಯನ್ನು ಆ ಚೂರು ಹೀರಿಕೊಳ್ಳುತ್ತದೆ, ಬೆಳಿಗ್ಗೆ ಮೊದಲ ಶರ್ಟಿಗೆ ಕಲೆ ಆಗುವುದಿಲ್ಲ. “ಮಷಿನ್‌ಗೆ ಊಟ ಹಾಕಿದ್ರಾ?” ಎಂದು ಧಣಿಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಹಾಕಿ ಬಂದವರಿಗೆ ಮಾತ್ರ ದಾರಿ.

ಧಣಿಗಳನ್ನು ನಾವು ಸಾಬ್ ಎಂದೇ ಕರೆಯುವುದು. ಹೋದ ವರ್ಷ ಶಾಲೆಗಳು ಒಂದೊಂದಾಗಿ ಬೇರೆ ಕಡೆಯಿಂದ ಯೂನಿಫಾರಂ ತರಿಸತೊಡಗಿದವು. ಸಾಲದಲ್ಲಿ ತಂದಿದ್ದ ದೊಡ್ಡ ಕಟಿಂಗ್ ಮಷಿನ್ನನ್ನು ಬ್ಯಾಂಕಿನವರು ಬಂದು ಬಿಚ್ಚಿಕೊಂಡು ಹೋದರು. ಆಮೇಲೆ ಒಂದು ಮಧ್ಯಾಹ್ನ ಊಟದ ಪೇಪರು ಮಡಿಸುವ ಹೊತ್ತಿಗೆ ಸಾಬ್ ಟೇಬಲ್ಲಿನ ತುದಿಯಲ್ಲಿ ಬಂದು ನಿಂತರು.

“ನೋಡ್ರಮ್ಮಾ, ಮುಚ್ತಾ ಇದೀನಿ. ಮುಚ್ಚಿದ್ರೆ ನಿಮಗೆ ವರ್ಷದ ಲೆಕ್ಕದಲ್ಲಿ ಪರಿಹಾರ ಕೊಡ್ಬೇಕು. ಕಾನೂನೂ ಅದೇ, ಅಲ್ಲಾನ ಮುಂದೆ ಲೆಕ್ಕಾನೂ ಅದೇ. ಆದ್ರೆ ನನ್ ಹತ್ರ ಇಲ್ಲ.”

ಆಪಾ ಕೂತಲ್ಲಿಂದಲೇ ಕೇಳಿದರು: “ಇಲ್ಲ ಅಂದ್ರೆ ಎಷ್ಟು ಇಲ್ಲ?”

“ಪೂರಾ ಇಲ್ಲ.”

ಯಾರಿಗೂ ಅಳು ಬರಲಿಲ್ಲ. ಯಾರೋ ಕೈ ತೊಳೆಯಲು ಹೋದರು. ಮತ್ತೊಬ್ಬರು ಡಬ್ಬಿಯ ಮುಚ್ಚಳ ಹುಡುಕಿದರು.

ಮರುದಿನ ನಾವು ಮೂವರು ಲೇಬರ್ ಆಫೀಸಿಗೆ ಹೋಗಿ ಕೇಳಿದೆವು. ಅಲ್ಲಿದ್ದ ಹೆಣ್ಣುಮಗಳು ಕೂರಿಸಿ ಹೇಳಿದಳು: “ಅರ್ಜಿ ಕೊಡಿ, ತಗೋತೀವಿ. ಅವರಿಗೆ ನೋಟಿಸ್ ಹೋಗುತ್ತೆ, ಇಬ್ಬರನ್ನೂ ಕೂರಿಸಿ ಮಾತಾಡಿಸ್ತೀವಿ. ಕೊಡಿ ಅಂತ ಆರ್ಡರೂ ಆಗ್ಬಹುದು. ಆದ್ರೆ ವಸೂಲಿ ಮಾಡೋಕೆ ಅವರ ಹೆಸರಲ್ಲಿ ಏನಾದ್ರೂ ಇರ್ಬೇಕಲ್ವಾ? ಅದನ್ನ ಮೊದಲು ತಿಳ್ಕೊಳ್ಳಿ. ಇನ್ನೊಂದು, ಏನೇ ತಗೊಂಡ್ರೂ ‘ಪೂರ್ತಿ ಮುಟ್ಟಿದೆ’ ಅಂತ ಬರ್ದಿರೋ ಕಾಗದಕ್ಕೆ ಸೈನ್ ಹಾಕ್ಬೇಡಿ.” ಒಳ್ಳೆಯ ಮಾತು ಹೇಳಿದಳು. ಅವಳು ಟೀ ತರಿಸಿದ್ದು ಇನ್ನೂ ನೆನಪಿದೆ.

ಸಾಬ್ ಹೆಸರಿನಲ್ಲಿ ಏನೂ ಇರಲಿಲ್ಲ. ಇರುವ ಮನೆ ಬಾಡಿಗೆಯದು, ಹಾಲೂ ಬಾಡಿಗೆಯದು. ಸಾಲಕ್ಕೆ ಸಿಗದೆ ಉಳಿದದ್ದು ನಾವು ಕೂತು ಹೊಲಿಯುವ ಹಳೆಯ ಮಷಿನ್ನುಗಳು ಮಾತ್ರ. ನಮ್ಮ ಮುಂದೆ ಇದ್ದ ದಾರಿಗಳನ್ನು ಅವರೇ ಎಣಿಸಿ ಹೇಳಿದರು. ಅರ್ಜಿ ಹಾಕುವವರು ಹಾಕಬಹುದು, ಅವರು ಬಂದು ನಿಜ ಹೇಳುತ್ತಾರೆ. ಕಾಯುವವರು ಕಾಯಬಹುದು, ಅವರು ಕಂತಿನಲ್ಲಿ ತೀರಿಸಲು ನೋಡುತ್ತಾರೆ, ಆದರೆ ತಮ್ಮ ವಯಸ್ಸಿನ ಮೇಲೆ ಅವರಿಗೇ ಭರವಸೆಯಿಲ್ಲ. ಇಲ್ಲದಿದ್ದರೆ ಒಂದೊಂದು ಮಷಿನ್ನು ತೆಗೆದುಕೊಂಡು ಹೋಗಬಹುದು, ಅದರ ಬೆಲೆಯಷ್ಟು ಮುಟ್ಟಿತೆಂದು ಬರೆದುಕೊಟ್ಟರೆ ಸಾಕು, “ಬಾಕಿ ನನ್ ತಲೆ ಮೇಲೇ ಇರ್ಲಿ.”

ಆಮೇಲೆ ಇನ್ನೊಂದು ಮಾತು ಹೇಳಿದರು. ಮೆಲ್ಲಗೆ ಹೇಳಿದ್ದರಿಂದಲೋ ಏನೋ, ಆಗ ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. “ಹಾಲಿನ ಅಡ್ವಾನ್ಸ್ ಇನ್ನೂ ಆರು ತಿಂಗಳ ಬಾಡಿಗೆಗೆ ಆಗುತ್ತೆ. ಎಲ್ಲಾ ಇದ್ದಲ್ಲೇ ಇರ್ಲಿ ಅಂದ್ರೆ ನೀವೇ ನಡೆಸ್ಕೊಳ್ಳಿ.”

ಒಟ್ಟಿಗೆ ನಡೆಸುವುದೆಂದರೆ ಯಾರ ಹೆಸರಿನಲ್ಲಿ, ಕರೆಂಟ್ ಬಿಲ್ಲು ಯಾರು ಕಟ್ಟುವುದು, ನಷ್ಟವಾದರೆ ಯಾರ ತಲೆಗೆ? ಹೀಗೆ ಮಾತು ಹರಿದು ಹಂಚಿ ಹೋಯಿತು. ಇಬ್ಬರು ಅರ್ಜಿ ಹಾಕಿದರು. ಅವರಿಗೆ ಇನ್ನೂ ತಾರೀಖು ಕೊಡುತ್ತಿದ್ದಾರೆ. ಒಂದಿಬ್ಬರು ಮಾರತ್ತಹಳ್ಳಿಯ ಬಟ್ಟೆ ಅಂಗಡಿಗಳಿಗೆ ಕೆಲಸಕ್ಕೆ ಹೋದರು. ಉಳಿದವರು ಮಷಿನ್ನು ಎಂದೆವು.

ಯಾರಿಗೆ ಯಾವುದು ಎಂದು ಚೀಟಿ ಎತ್ತೋಣ ಎಂದು ಸಾಬ್ ಹೇಳಿದರು. ಚೀಟಿ ಯಾಕೆ? ನಾವು ಆಗಲೇ ಎದ್ದು ಹೋಗಿ ಅವರವರ ಮಷಿನ್ನಿನ ಹಿಂದೆ ನಿಂತಿದ್ದೆವು. ಅಷ್ಟು ವರ್ಷ ಕಾಲಿಟ್ಟ ಪೆಡಲು, ನನ್ನದೇ ಸಿಂಧೂರದ ಬೊಟ್ಟು, ನನ್ನದೇ ಬಾಬಿನ್ ಡಬ್ಬಿ. ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲಾದೀತೆ? ಪ್ರತಿಯೊಬ್ಬರೂ ಪ್ರೀತಿಯಿಂದ ತಮ್ಮ ತಮ್ಮದನ್ನು ಲಗೇಜ್ ಆಟೋಗೆ ಏರಿಸಿದೆವು. ಮಷಿನ್ನು ಬಂದ ಮೂರನೆಯ ದಿನ ಮನೆಯಲ್ಲಿ ಕೂತು ಹನ್ನೆರಡು ಕಾಲರ್ ಹೊಲಿದಾಗ ತಿಳಿಯಿತು. ಕಾಲರ್ ಇದೆ, ಶರ್ಟೆಲ್ಲಿ?

ಆಪಾಗೆ ಫೋನ್ ಮಾಡಿದೆ. ಆ ಕಡೆಯಿಂದ ಮೊದಲು ನಗು ಕೇಳಿತು. “ಅರೆ, ನಾನೂ ಅದೇ ನೋಡ್ತಾ ಕೂತಿದೀನಿ. ನನ್ ಹತ್ರ ತೂತ್ ಮಾತ್ರ ಇದೆ. ಬಟ್ಟೆ ಇಲ್ದೆ ತೂತ್ ಯಾರಿಗೆ ಮಾರ್ಲಿ?”

ಆಗಿನಿಂದ ಶರ್ಟು ಬಸ್ಸು ಹತ್ತಿತು. ಸಾಬ್ ಪರಿಚಯದ ಅಂಗಡಿಯೊಂದರಿಂದ ಸಣ್ಣ ಆರ್ಡರು ಕೊಡಿಸಿದರು. ಬಟ್ಟೆಯನ್ನು ತಾವೇ ಕತ್ತರಿಸಿ ಕೊಡುತ್ತಾರೆ, ಕೂಲಿ ಮುಟ್ಟುವುದಿಲ್ಲ. “ಬಾಕಿಯಲ್ಲಿ ಹಿಡ್ಕೊಳ್ಳಿ” ಎನ್ನುತ್ತಾರೆ. ನಾನು ಮುದಿ ವಯಸ್ಸಿನಲ್ಲಿ ತೋಳು ಕೂಡಿಸುವುದು ಕಲಿತೆ. ಮೊದಲ ಶರ್ಟಿಗೆ ಎರಡೂ ಎಡಗಡೆಯ ತೋಳೇ ಆಗಿದ್ದವು.

ಮಷಿನ್ನುಗಳನ್ನು ಮತ್ತೆ ಒಂದೆಡೆ ಕೂಡಿಸಲೆಂದು ಇವತ್ತು ನೋಡಹೋದ ಹಲಸೂರಿನ ರೂಮು ಹಿಟ್ಟಿನ ಗಿರಣಿಯ ಹಿಂದೆ. ಕೆರೆಯ ಕಡೆಯಿಂದ ಒಳಗೆ ಎರಡನೇ ಅಡ್ಡರಸ್ತೆ. ನಾನು ಹೋಗುವಷ್ಟರಲ್ಲಿ ಆಪಾ ಬಂದು ಗೋಧಿ ಮೂಟೆಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ರೂಮಿಗೆ ಕಿಟಕಿ ಒಂದೇ, ಆದರೆ ದೊಡ್ಡದು. ನೆಲ ಗಟ್ಟಿ. ನಾಲ್ಕು ಮಷಿನ್ನು, ಒಂದು ಟೇಬಲ್ಲು ಹಿಡಿಯುತ್ತದೆ. ಗಿರಣಿಯ ಯಜಮಾನರು ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು: “ನಿಮ್ ಸದ್ದು ನನಗೆ ಕೇಳ್ಸಲ್ಲ ಅಮ್ಮಾ. ನನ್ ಸದ್ದು ನಿಮಗೆ ಕೇಳ್ಸುತ್ತೆ. ಪರವಾಗಿಲ್ಲವಾ?”

ಪರವಾಗಿಲ್ಲವೇ! ಗಿರಣಿ ಶುರುವಾದಾಗ ಗೋಡೆಗೆ ಅಂಗೈ ಇಟ್ಟು ನೋಡಿದೆ. ಆ ನಡುಕ ಮೊಣಕೈವರೆಗೆ ಬಂತು. ಎಷ್ಟು ತಿಂಗಳಾಗಿತ್ತು ಗೋಡೆ ಹಾಗೆ ನಡುಗಿ.

“ಹಿಟ್ಟು ಹಾರಿ ಬಟ್ಟೆ ಮೇಲೆ ಬಿದ್ರೆ?” ಎಂದು ನಾನು ಆಪಾ ಕಿವಿಗೆ ಕೂಗಿದೆ.

“ಬಿಳೀ ಶರ್ಟ್, ಬಿಳೀ ಹಿಟ್ಟು. ಯಾರಿಗೆ ಗೊತ್ತಾಗುತ್ತೆ?”

“ಮೆಣಸಿನಕಾಯಿ ಬೀಸೋದು ಶನಿವಾರ ಮಾತ್ರ” ಎಂದು ಯಜಮಾನರು ಸೇರಿಸಿದರು.

“ಹಂಗಾದ್ರೆ ಶನಿವಾರ ಕೆಂಪು ಹೌಸ್ ಟಿ-ಶರ್ಟ್ ಹೊಲಿಯೋಣ” ಎಂದರು ಆಪಾ.

ನಾಳೆ ಬೆಳಿಗ್ಗೆಯೊಳಗೆ ಹೇಳಬೇಕು, ಮಸಾಲೆ ಪ್ಯಾಕ್ ಮಾಡುವವರೊಬ್ಬರೂ ಕೇಳಿದ್ದಾರಂತೆ. ಹೊರಗೆ ಬಂದ ಮೇಲೆ ಆಪಾ ನಗು ನಿಲ್ಲಿಸಿದರು. “ಸಾಬ್ ಟೇಬಲ್ ಕೊಡ್ತಾರೆ. ಟೇಬಲ್ ಜೊತೆ ತಾವೂ ಬರ್ತಾರಂತೆ, ಟೈಮಿಗೆ ಚಾಯ್ ಕೊಟ್ರೆ ಸಾಕಂತೆ. ನಾನು ಬರ್ತೀನಿ, ನೀನು ಬರ್ತೀಯ. ಅವಳು? ಓವರ್‌ಲಾಕ್ ಇಲ್ದೆ ರೂಮ್ ಯಾಕೆ? ನಾವಿಬ್ರೂ ಕೂತು ಮುಖ ನೋಡ್ಕೋಬೇಕಾ? ಹೋಗು, ಕೇಳು. ಕೈ ಮುಗೀಬೇಡ. ಕೇಳು ಅಷ್ಟೇ.”

ಓವರ್‌ಲಾಕ್ ಮಾಡಿಕೊಡುವ ಅಂಗಡಿ ನಮ್ಮ ಬೀದಿಯಲ್ಲೇ ಇದೆ. ಪೀಸಿಗಿಷ್ಟು ಎಂದು ಅವರು ತೆಗೆದುಕೊಂಡರೆ ನಮಗೇನೂ ಉಳಿಯುವುದಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದು ನಿಜವೇ. ಆದರೆ ಕೆ.ಆರ್. ಪುರದ ಬಸ್ಸಿನಲ್ಲಿ ಗಂಟು ಮಡಿಲಲ್ಲಿಟ್ಟುಕೊಂಡು ಕೂತಾಗ ನಾನು ನೆನೆಸಿಕೊಳ್ಳುತ್ತಿದ್ದುದು ಉಳಿತಾಯವನ್ನಲ್ಲ. ಅವಳು ನನ್ನ ಬಲಗಡೆಯ ಮಷಿನ್ನಿನಲ್ಲಿ ಕೂರುತ್ತಿದ್ದಳು. ಮಳೆಗಾಲದಲ್ಲಿ ಮಧ್ಯಾಹ್ನ ಕರೆಂಟು ಹೋದಾಗ ಇಡೀ ಹಾಲು ಒಮ್ಮೆಲೇ ಸುಮ್ಮನಾಗುತ್ತಿತ್ತು, ಆ ಕತ್ತಲಿನಲ್ಲಿ ಅವಳು ತನ್ನ ಊರಿನ ಸೋಬಾನೆ ಪದ ಶುರು ಮಾಡುತ್ತಿದ್ದಳು. ಕರೆಂಟು ಬೇಗ ಬಂದರೆ ನಾವೆಲ್ಲ ಬೇಸರ ಪಡುತ್ತಿದ್ದೆವು.

ತೂಗುಸೇತುವೆ ದಾಟಿ ಇಳಿದು, ರೈಲ್ವೆ ಹಳಿಯ ಪಕ್ಕದ ವಠಾರಕ್ಕೆ ನಡೆದೆ. ಬಾಗಿಲು ತೆರೆದೇ ಇತ್ತು.

“ಬರ್ರಿ ಅಕ್ಕಾ, ಒಳಗ ಕುಂದರ್ರಿ. ಬಿಸಲಾಗ ಬಂದೀರಿ” ಎಂದು ನೀರು ಕೊಟ್ಟಳು. ಮಷಿನ್ನು ಮೂಲೆಯಲ್ಲಿ ಹಳೆಯ ಸೀರೆ ಹೊದ್ದು ನಿಂತಿತ್ತು.

ರೂಮಿನ ವಿಷಯ ಹೇಳಿದೆ. ಗಿರಣಿ, ಕಿಟಕಿ, ಸಾಬ್ ಟೇಬಲ್ಲು, ಎಲ್ಲ. ಅವಳು ಕೇಳುತ್ತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

“ಛಲೋ ಅದ ಅಕ್ಕಾ. ಭಾಳ ಛಲೋ ಅದ. ಆದ್ರ ನಾ ಗಾರ್ಮೆಂಟ್ಸಿಗಿ ಸೇರೀನಿ. ಸೋಮವಾರದಿಂದ. ವ್ಯಾನ್ ಇಲ್ಲೇ ಬ್ರಿಜ್ ಹತ್ರ ಬರ್ತದ.”

“ಅಲ್ಲಿ ತಲೆ ಎತ್ತೋಕೆ ಬಿಡಲ್ವಂತೆ ಕಣೇ.”

“ಹೌದ್ರಿ. ಆದ್ರ ತಿಂಗಳಾ ಪಗಾರ ಬರ್ತದಲ್ರಿ. ನಿಮ್ಮ ಮನ್ಯಾಗ ಅಣ್ಣಾರಿಗಿ ಕ್ಯಾಂಟೀನ್ ಕೆಲಸ ಅದ. ನಮ್ಮವ್ರದು ಗಾರೆ ಕೆಲಸ, ಇವತ್ತ ಅದ ನಾಳಿ ಇಲ್ಲ. ಮಗಳಿಗಿ ಫೀಸ್ ಕಟ್ಟಬೇಕು. ಇಲ್ಲಿ ಮಷಿನ್ ಚಾಲೂ ಮಾಡಿದ್ರ ಗ್ವಾಡಿ ನಡಗ್ತದ ಅಂತ ಬಾಜೂದವ್ರು ಬೈತಾರ. ಏನ್ ಮಾಡ್ಲಿ ಹೇಳ್ರಿ?”

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಅವಳ ಒಂದು ಪ್ರಶ್ನೆಗೆ ಮುಗಿದುಹೋಯಿತು. ತಿಂಗಳ ಸಂಬಳವನ್ನು ನಾನು ಕೊಡಬಲ್ಲೆನೆ? ಕೊಡಲಾರದೆಯೇ ಅಲ್ಲವೇ ಸಾಬ್ ಮುಚ್ಚಿದ್ದು.

“ಸರಿ ಬಿಡು” ಎಂದೆ. “ಒಂದು ಸಲ ನೋಡ್ತೀನಿ, ತೆಗಿ ಸೀರೆ.”

ಸೀರೆ ಸರಿಸಿದಳು. ಸೂಜಿಯ ಕೆಳಗೆ ಬಿಳಿ ಚೂರು ಇತ್ತು. ವಾರದಿಂದ ಈ ಮಷಿನ್ನು ಓಡಿಲ್ಲ ಎಂದು ಅವಳೇ ಹೇಳಿದ್ದಳು. ಆದರೆ ಆ ಚೂರಿನಲ್ಲಿ ಎಣ್ಣೆಯ ಕಲೆ ಇರಲಿಲ್ಲ. ಇಂದು ಬೆಳಿಗ್ಗೆಯೋ ನಿನ್ನೆ ಸಂಜೆಯೋ ಬದಲಾಯಿಸಿದ ಹೊಸ ಬಟ್ಟೆ. ಮಾರುವ ಮಷಿನ್ನಿಗೆ ಯಾರು ಊಟ ಹಾಕುತ್ತಾರೆ? ನಾನು ನೋಡಿದ್ದನ್ನು ಅವಳೂ ನೋಡಿದಳು.

“ಹೋಗೋಕೆ ಮುಂಚೆ ನನಗೆ ದಾರ ಹಾಕೋದು ಹೇಳ್ಕೊಡು” ಎಂದೆ.

ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಓವರ್‌ಲಾಕಿಗೆ ದಾರ ಹಾಕುವುದು ನಮ್ಮ ಕಾರ್ಖಾನೆಯಲ್ಲಿ ಅವಳೊಬ್ಬಳಿಗೇ ಬರುತ್ತಿತ್ತು. ಹೊಲಿಗೆ ಮಷಿನ್ನಿನಂತೆ ಒಂದು ಸೂಜಿಯ ಮಾತಲ್ಲ. ಮೂರು ಉಂಡೆ ದಾರ, ಹೊಟ್ಟೆಯೊಳಗೆ ಎರಡು ಕೊಕ್ಕೆ, ಯಾವುದರ ಮೇಲೆ ಯಾವುದು ಹೋಗಬೇಕೆಂಬ ಕ್ರಮ ತಪ್ಪಿದರೆ ಒಂದು ಗೇಣು ಓಡುವುದರೊಳಗೆ ಕಡಿಯುತ್ತದೆ. ಕನ್ನಡಕ ಹಾಕಿಕೊಂಡು ಬಗ್ಗಿದೆ. ಹಾಕಿದೆ, ಕಡಿಯಿತು. ಮತ್ತೆ ಹಾಕಿದೆ, ಮತ್ತೆ ಕಡಿಯಿತು.

“ಅಕ್ಕಾ, ನೀವು ಮುಂದಿನ ಜಲ್ಮದಾಗ ಕಲೀತೀರಿ.”

“ಮುಂದಿನ ಜನ್ಮದಲ್ಲೂ ಕಾಲರೇ ಹೊಲೀತೀನಿ ಬಿಡೆ. ನೀನು ಬಂದು ಪಕ್ಕದಲ್ಲಿ ಕೂತ್ಕೊ.”

ಅವಳು ನನ್ನ ಕೈಯಿಂದ ಚಿಮಟ ತೆಗೆದುಕೊಂಡು, ನೋಡದೆಯೇ, ಅಕ್ಕಿ ಆರಿಸುವಷ್ಟು ಸಲೀಸಾಗಿ ಮೂರೂ ದಾರ ಹಾಕಿದಳು. ನಾನು ತಂದ ಗಂಟಿನಿಂದ ಒಂದು ತುಂಡು ಬಟ್ಟೆ ಕೊಟ್ಟು ಓಡಿಸಿದಳು. ಗೋಡೆ ನಡುಗಿತು. ಪಕ್ಕದ ಮನೆಯವರು ಏನೋ ಕೂಗಿದರು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಹೊಲಿಗೆ ಜಡೆಯಂತೆ ಸಮನಾಗಿ ಬಂತು.

ಆಗಲೇ ವ್ಯಾಪಾರಿಯ ಫೋನು ಬಂತು. ಅವಳು ಫೋನನ್ನೂ ಮಷಿನ್ನನ್ನೂ ನೋಡಿದಳು. “ಇವತ್ತ ಬ್ಯಾಡ್ರಿ” ಎಂದಳು. ಅವನು ಏನೋ ದೊಡ್ಡ ದನಿಯಲ್ಲಿ ಹೇಳುತ್ತಿದ್ದ. “ನಾಳೀನೂ ಬ್ಯಾಡ. ಕೊಡಂಗಿಲ್ರಿ” ಎಂದು ಇಟ್ಟುಬಿಟ್ಟಳು.

ಆಮೇಲೆ ನನಗೆ ಒಂದು ಉಪಾಯ ಹೇಳಿಕೊಟ್ಟಳು. ಉಂಡೆ ಖಾಲಿಯಾಗುವ ಮುಂಚೆ ಹೊಸ ದಾರವನ್ನು ಹಳೆಯದರ ತುದಿಗೆ ಗಂಟು ಹಾಕಿ ಎಳೆದುಕೊಂಡರೆ ದಾರಿ ತಾನಾಗಿ ಸಿಗುತ್ತದೆ, ಹೊಸದಾಗಿ ಹಾಕುವ ಗೋಜಿಲ್ಲ. “ಮಷಿನ್ ರೂಮಿಗಿ ಒಯ್ಯಿರಿ. ನಾ ಐತವಾರ ಬಂದು ದಾರ ಹಾಕಿ ಕೊಡ್ತೀನಿ. ವಾರೆಲ್ಲ ಗಂಟ ಹಾಕಿ ನಡಸ್ರಿ. ಕಡೀಬಾರ್ದು ಅಂತ ದೇವ್ರಿಗಿ ಬೇಡ್ಕೋರಿ.”

“ಕಡಿದ್ರೆ?”

“ಐತವಾರದ ತನಕಾ ಕಾಯ್ರಿ.”

ಬಸ್ ಸ್ಟಾಪಿನವರೆಗೆ ಬಂದಳು. ನಾಲ್ಕು ರೊಟ್ಟಿ, ಶೇಂಗಾ ಹಿಂಡಿ ಪೇಪರಿನಲ್ಲಿ ಸುತ್ತಿ ಕೊಟ್ಟಳು. ಬಸ್ಸು ಬಂದಾಗ “ನನ್ನ ಮಷಿನ್ ಕಿಟಕಿ ಹತ್ರ ಇಡ್ರಿ, ನಿಮ್ಮ ಬಲಗಡಿ” ಎಂದಳು. ಸೋಮವಾರದಿಂದ ಶನಿವಾರದವರೆಗೆ ಆ ಜಾಗದಲ್ಲಿ ಯಾರು ಕೂರುತ್ತಾರೆ? ಬಹುಶಃ ನಾನೇ ಎರಡು ಕಡೆ ಎದ್ದು ಕೂತು ಓಡಾಡುತ್ತೇನೆ.

ಆಪಾಗೆ ಬಸ್ಸಿನಿಂದಲೇ ಫೋನ್ ಮಾಡಿದೆ. “ಮಷಿನ್ ಬರುತ್ತೆ. ಅವಳು ಭಾನುವಾರ ಮಾತ್ರ.” ಆಪಾ “ಹೌ, ಹಂಗಾದ್ರೆ ನಮಗೆ ಭಾನುವಾರಾನೂ ಕೆಲಸ. ಗಿರಣಿಯವರಿಗೆ ಹೇಳ್ಬಿಡ್ತೀನಿ” ಎಂದರು.

ಮನೆಗೆ ಬಂದು ಸೊಪ್ಪು, ಕಾಳು ಬೇಯಿಸಿ ಬಸಿದು, ಖಾರ ರುಬ್ಬಿ ಬಸ್ಸಾರು ಮಾಡಿದೆ. ನಮ್ಮ ಮನೆಯವರು ಬರುವಾಗ ಬೆಳಗಿನ ಅಂಗಿ ಒಣಗಿತ್ತು, ಕಲೆ ಪೂರ್ತಿ ಹೋಗಿರಲಿಲ್ಲ. ಮುದ್ದೆ ಮಾಡಲಿಲ್ಲ. ರೊಟ್ಟಿ ಮುರಿದು ಬಸ್ಸಾರಿಗೆ ಅದ್ದಿ ತಿಂದೆವು, ಮೇಲೆ ಶೇಂಗಾ ಹಿಂಡಿ. “ಇದ್ಯಾರ ಮನೆ ರೊಟ್ಟಿ, ಇಷ್ಟು ತೆಳ್ಳಗೆ?” ಎಂದು ಕೇಳಿದರು. ಹೇಳಿದೆ. ಕೊನೆಯ ರೊಟ್ಟಿಯಲ್ಲಿ ಅರ್ಧ ನನ್ನ ತಟ್ಟೆಗೆ ಹಾಕಿದರು. ಅವರಿಗೆ ನಾಳೆ ಬೆಳಗಿನ ಪಾಳಿ, ಅವರೇ ಮೊದಲು ಮಲಗಿದರು. ನಾನು ಮಷಿನ್ನಿನ ಕೆಳಗೆ ಚೂರು ಬಟ್ಟೆ ಇಟ್ಟು, ಕಾಲು ಇಳಿಸಿ, ದೀಪ ಆರಿಸಿದೆ.